ಒಂದು ಗಿಳಿ, ಒಂದು ಡಬ್ಬಿ ಕಲ್ಲುಹೂವು

ಪಾಠ ಮಾಡುವ ನನ್ನ ಚಟ ಕಾಲೇಜಿನ ಗೇಟಿಗೇ ನಿಲ್ಲುವುದಿಲ್ಲ. ಆರ್.ಟಿ. ನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಆಂಟಿ ಒಂದು ಶುಕ್ರವಾರ ಕೆಳಗಡೆ ಬಿರಿಯಾನಿಗೆ ಮಸಾಲೆ ಹುರಿಯುತ್ತಿದ್ದರು. ಪಕ್ಕದ ಪಂಜರದಲ್ಲಿ ಅವರ ಗಿಳಿ. ಹನ್ನೊಂದು ವರ್ಷದಿಂದ ಅದನ್ನು ಅವರು ಬೇಟಾ ಎಂದೇ ಕರೆಯುತ್ತಿದ್ದರು. ನನ್ನನ್ನು ಕಂಡರೆ ಅದು ಸಲಾಂ ಹೇಳುತ್ತಿತ್ತು. ನನ್ನ ವಿದ್ಯಾರ್ಥಿಗಳು ಅಷ್ಟೂ ಮಾಡುವುದಿಲ್ಲ.

ಮಸಾಲೆ ತಟ್ಟೆಯಲ್ಲಿದ್ದ ಕಲ್ಲುಹೂವು ಕಂಡದ್ದೇ ತಡ, ಶುರು ಮಾಡಿದೆ. ಇದು ಹೂವಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಒಂದು ಪಾಚಿ, ಎರಡು ಜೀವ ಸೇರಿ ನಡೆಸುವ ಸಂಸಾರ. ದುಡಿದು ಹಾಕುವುದು ಪಾಚಿ, ವರ್ಗೀಕರಣದಲ್ಲಿ ಹೆಸರು ಮಾತ್ರ ಶಿಲೀಂಧ್ರದ್ದು. ಎಲ್ಲ ಮನೆಯಲ್ಲೂ ಅಷ್ಟೇ ಎಂದರು ಆಂಟಿ. ನಾನು ಮುಂದುವರಿಸಿದೆ. ಗಿಳಿಯ ವಿಷಯದಲ್ಲಿ ಆ ಗೊಂದಲವಿಲ್ಲ: ಪ್ರಾಣಿ, ಬೆನ್ನೆಲುಬಿದೆ, ಹಕ್ಕಿ, ಮುಗಿಯಿತು. ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಯ ಪ್ರಕಾರ ಅದಕ್ಕೆ ಆತಂಕವಿಲ್ಲ, ಆದರೂ ನಮ್ಮ ಕಾನೂನು ಅದನ್ನು ಕಾಯುತ್ತದೆ. ಹೆಚ್ಚಿನ ಕಲ್ಲುಹೂವುಗಳ ಗತಿ ಏನೆಂದು ಯಾರೂ ನೋಡಿಯೇ ಇಲ್ಲ. ಇಷ್ಟಕ್ಕೆ ಬಾಯಿ ಮುಚ್ಚಬಹುದಿತ್ತು. ಗಿಳಿಯನ್ನು ಮನೆಯಲ್ಲಿ ಸಾಕುವುದು ಅಪರಾಧ ಎಂದೂ ಸೇರಿಸಿದೆ.

ಆಂಟಿ ಸ್ಟೌ ಆರಿಸಿದರು.

ಮರುದಿನ ಪಂಜರದ ಮೇಲೆ ಕಂಬಳಿ. ಒಳಗಿನಿಂದ ಸಲಾಂ ಬಂದರೆ ಆಂಟಿ ಜೋರಾಗಿ ಕೆಮ್ಮುತ್ತಿದ್ದರು. ಮೂರು ದಿನ ಕೆಮ್ಮಿ ಸುಸ್ತಾಗಿ, ನಾಲ್ಕನೆಯ ದಿನ ನನ್ನ ಬಾಗಿಲು ತಟ್ಟಿದರು. ಅಪರಾಧ ಎಂದು ಗೊತ್ತಾದ ಮೇಲೂ ಬಚ್ಚಿಟ್ಟುಕೊಂಡಿದ್ದಕ್ಕೆ ನಮಾಜಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಬೇಟಾನನ್ನು ಒಪ್ಪಿಸಿಬಿಡುತ್ತೇನೆ, ಜೊತೆಗೆ ಬನ್ನಿ ಎಂದರು. ನನಗೆ ನನ್ನ ಮೇಲೆ ಸಿಟ್ಟು ಬಂತು, ನಾಲಿಗೆಯ ಮೇಲೆ ಇನ್ನೂ ಹೆಚ್ಚು.

ಹೆಬ್ಬಾಳದ ಆಚೆ ಹಕ್ಕಿಗಳನ್ನು ನೋಡಿಕೊಳ್ಳುವ ಜಾಗಕ್ಕೆ ಆಟೋದಲ್ಲಿ ಹೋದೆವು. ಅಲ್ಲಿದ್ದಾತ ಗಿಳಿಯನ್ನು ಒಳಗೆ ಒಯ್ದು ಖಾಲಿ ಪಂಜರ ತಂದುಕೊಟ್ಟ. ಆಗ ಆಂಟಿ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅದರ ತುಂಬ ಕಲ್ಲುಹೂವು.

"ಇದೂ ತಗೊಳ್ಳಿ. ಗಿಳೀದು ಒಂದೇ ಜೀವ, ಇದ್ರಲ್ಲಿ ಎರಡಿದೆ ಅಂತ ಮೇಡಂ ಹೇಳಿದಾರೆ."

ಆತ ನನ್ನತ್ತ ನೋಡಿದ. ನಾನು ಗೋಡೆಯ ಮೇಲಿನ ಗೂಬೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಮಸಾಲೆ ಸಾಮಾನಿಗೆ ಇಲ್ಲಿ ರಿಜಿಸ್ಟರ್ ಇಲ್ಲ ಎಂದು ಆತ ಡಬ್ಬಿಯನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಸರಿಸಿದ.

ಮನೆಗೆ ಬರುವಾಗ ಫ್ಲೈಓವರ್ ಮೇಲೆ ಟ್ರಾಫಿಕ್ ಕದಲಲಿಲ್ಲ. ಕಾಲ ಬಳಿ ಪಂಜರ, ಆಂಟಿಯ ಮಡಿಲಲ್ಲಿ ಡಬ್ಬಿ. ಅದರ ಮುಚ್ಚಳವನ್ನು ಎರಡು ಕೈಯಲ್ಲೂ ಒತ್ತಿ ಹಿಡಿದಿದ್ದರು.

"ಇದನ್ನಾದ್ರೂ ನಂಗೆ ಬಿಟ್ರಲ್ಲ ಮೇಡಂ," ಎಂದರು.