ಗಾಜು ಕೂರುವ ಮೆಟ್ಟಿಲು

ಮೊನ್ನೆ ಮಂಗಳವಾರವೂ ಎಂದಿನಂತೆಯೇ ಹಾಲು ಕಾಯಿಸಿದೆ, ಫಿಲ್ಟರಿಗೆ ಬಿಸಿನೀರು ಸುರಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ಸವರಿ ಅವರನ್ನು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಬೀದಿ ಬಾಗಿಲು ಮುಚ್ಚಿದೆ. ನಮ್ಮ ಮಧುಗಿರಿಯಲ್ಲಿ ಬಾಗಿಲು ತೆರೆದಿಟ್ಟರೆ ಮೊದಲು ಒಳಗೆ ಬರುವ ನೆಂಟರು ಬೆಟ್ಟದ ಕೋತಿಗಳು. ಬಂದವರು ಬಾಳೆಹಣ್ಣಿಗೆ ಮಾತ್ರ ತೃಪ್ತರಾಗುವುದಿಲ್ಲ, ನಿಮಗೂ ಗೊತ್ತಿರಬಹುದು.

ಮೊಣಕಾಲು ಕೈಕೊಟ್ಟ ಮೇಲೆ ಅತ್ತೆಗೆ ಜಗಲಿ ದೂರವಾಗಿದೆ. ಮುಚ್ಚಿದ ಬಾಗಿಲಿನ ಹಿಂದೆ ಕೂತು, ಇದು ಹಾಲಿನವನ ಸೈಕಲ್ಲು, ಇದು ಎದುರುಮನೆ ಜಯಮ್ಮನ ಚಪ್ಪಲಿ ಎಂದು ಬೀದಿಯನ್ನು ಕಿವಿಯಿಂದಲೇ ಗುರುತು ಹಿಡಿಯುತ್ತಿದ್ದರು. ಈಚೆಗೆ ಅದನ್ನೂ ಬಿಟ್ಟರು. ಚಪ್ಪಲಿ ಸದ್ದು ಬಂದರೂ ಸುಮ್ಮನಿರುವ ಅತ್ತೆಯನ್ನು ಕಂಡು ನನಗೆ ಭಯವಾಯಿತು. ಗಾಜಿನ ಬಾಗಿಲು ಮಾಡಿಸಲು ಹೊರಟದ್ದು ಅದಕ್ಕೇ.

ಅಂಗಳದಲ್ಲಿ ಕೊಡಿಗೇನಹಳ್ಳಿಯ ಬಡಗಿ ಆಚಾರ್ರು ಆಗಲೇ ಬೇವಿನ ಪಟ್ಟಿಗಳನ್ನು ಉಜ್ಜುತ್ತಿದ್ದರು. ಬೇವಿನ ಹೊಟ್ಟಿನ ಕಹಿ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಹಳೆಯ ಬಾಗಿಲೂ ಬೇವಿನದೇ. ನಾನು ಮದುವೆಯಾಗಿ ಬಂದಾಗ ಅದರ ಮೇಲರ್ಧದಲ್ಲಿ ಗಾಜಿತ್ತು.

ಆ ಗಾಜಿನ ಕತೆ ಹೇಳಲು ನನಗೆ ಈಗಲೂ ನಾಚಿಕೆ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನನ್ನ ಮುದ್ದೆ ಮುರಿದು ನೋಡಿದ ಅತ್ತೆ, "ಮುದ್ದೆಗೆ ಗಂಟು ಹಾಕೋದ್ನ ಕಾನ್ವೆಂಟಲ್ಲಿ ಚೆನ್ನಾಗಿ ಕಲ್ಸವ್ರೆ" ಎಂದರು. ಸದ್ದಾಗದಂತೆ ಬಾಗಿಲು ಮುಚ್ಚುವುದನ್ನು ತುಮಕೂರಿನ ಸಿಸ್ಟರುಗಳಿಂದ ಹತ್ತು ವರ್ಷ ಕಲಿತಿದ್ದವಳು ನಾನು. ಜಗಲಿಗೆ ಎದ್ದು ಹೋಗುತ್ತಾ ಬಾಗಿಲು ಬಡಿದ ರಭಸಕ್ಕೆ ಗಾಜು ಮೂರು ಹೋಳಾಯಿತು. ಗಾಳಿಗೆ ಬಡಿದುಕೊಂಡಿತು ಎಂದೆ. ಮಾವನವರು ನಂಬಿದರು. ಆಗ ನೋಡಲು ಬಂದ ಬಡಗಿ, ಗಾಜು ನಾಲ್ಕೂ ಕಡೆ ಮರದಲ್ಲಿ ಕೊರೆದ ತೋಡಿನೊಳಗೆ ಸಿಕ್ಕಿಕೊಂಡಿದೆ, ಹೊಸದು ಹಾಕಬೇಕಾದರೆ ಬಾಗಿಲನ್ನೇ ಒಡೆಯಬೇಕು ಎಂದ. ಮಾವ ಕಡ್ಲೆಕಾಯಿ ಎಣ್ಣೆಯ ಡಬ್ಬ ಕತ್ತರಿಸಿ ತಗಡು ಬಡಿದು, "ಆಮೇಲೆ ನೋಡಾನ ಬುಡಮ್ಮ" ಎಂದರು. ಆ 'ಆಮೇಲೆ' ಇಪ್ಪತ್ತೆರಡು ವರ್ಷವಾಯಿತು, ಮಾವನವರೂ ಹೋದರು. ತಗಡಿನ ಮೇಲೆ ತಲೆಕೆಳಗಾಗಿ ಅಚ್ಚಾದ ಕಡ್ಲೆಕಾಯಿ ಮಾತ್ರ ಇನ್ನೂ ನಮ್ಮ ಅತಿಥಿಗಳನ್ನು ಸ್ವಾಗತಿಸುತ್ತಿತ್ತು.

ಕಾಫಿ ಕೊಡಲು ಹೋದಾಗ ಆಚಾರ್ರು ಮರ ಕೊರೆಯುವ ಹೊಸ ರೂಟರ್ ಮಷೀನಿನ ಬಿಟ್ಟುಗಳ, ಅಂದರೆ ಅದಕ್ಕೆ ಸಿಕ್ಕಿಸುವ ಅಲಗುಗಳ, ಪೆಟ್ಟಿಗೆ ತೆರೆದಿದ್ದರು. ಥೇಟ್ ನಮ್ಮ ಚಕ್ಕುಲಿ ಒರಳಿನ ಬಿಲ್ಲೆಗಳ ಹಾಗೆ: ಯಾವುದನ್ನು ಹಾಕುತ್ತೀರೋ ಮರ ಆ ಆಕಾರಕ್ಕೆ ಬರುತ್ತದೆ. ಮುಚ್ಚಳದ ಇಂಗ್ಲಿಷನ್ನು ಓದಿಕೊಡಲು ಕೇಳಿದರು. ಗತ್ತಿನಿಂದಲೇ ಓದಿದೆ, ಒಂದು ಪದವೂ ಅರ್ಥವಾಗಲಿಲ್ಲ. ಆಚಾರ್ರಿಗೆ ಚಿತ್ರವೇ ಸಾಕಾಯಿತು. ಪುಟ್ಟ ಗರಗಸದ ಬಿಲ್ಲೆಯಂಥದ್ದೊಂದನ್ನು ಆರಿಸಿದರು. ಕೆಳಗಿನ ಹಲಗೆಗೂ ಮೇಲಿನ ಗಾಜಿಗೂ ಇದೊಂದೇ ಸಾಕು, ಪಟ್ಟಿಯ ನಡುವೆ ತೋಡು ಹೊಡೆದು ಗಾಜನ್ನು ತೂರಿಸಿ ಅಂಟು ಹಾಕಿದರೆ ಅಲ್ಲಾಡುವುದಿಲ್ಲ ಎಂದು ವಿವರಿಸಿದರು.

ತೋಡು ಎಂದ ಕೂಡಲೇ ಆ ಹಳೆಯ ಬಡಗಿಯ ಮಾತು ನೆನಪಾಯಿತು.

"ಆಚಾರ್ರೇ, ನಾಳೆ ಗಾಜು ಒಡೆದರೆ ಹೊರಗೆ ಹೆಂಗೆ ಬರುತ್ತೆ?"

"ಅದ್ಯಾಕೆ ಒಡೀತದಕ್ಕಾ, ಅಷ್ಟು ದಪ್ಪದ ಗಾಜು?"

ಉತ್ತರ ಬಂದದ್ದು ಒಳಗಿನಿಂದ, ಅತ್ತೆಯ ದನಿಯಲ್ಲಿ. "ಒಡೀತದೆ ಕಣಪ್ಪ. ಈ ಮನೇಲಿ ಸಿಟ್ಟು ಬಂದ್ರೆ ಬಾಗ್ಲಿಗೇ ಮೊದ್ಲು ಗೊತ್ತಾಗೋದು."

ಕಾಫಿ ಲೋಟವನ್ನು ಆಚಾರ್ರ ಪಕ್ಕದಲ್ಲಿಟ್ಟೆ. ಇಷ್ಟು ವರ್ಷ ಗಾಳಿಯ ತಲೆಗೆ ಕಟ್ಟಿದ್ದೆನಲ್ಲ! ಒಳಗೆ ಹೋದೆ. ಅತ್ತೆ ತಗಡನ್ನೇ ನೋಡುತ್ತಿದ್ದರು. "ಆವತ್ತು ಒಂದೆಲೆ ಅಲ್ಲಾಡಿರ್ಲಿಲ್ಲ ಕಣಮ್ಮ" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಕಾಫಿ ಆರೋಯ್ತು, ಬಿಸಿ ಮಾಡ್ಕೊಂಬಾ" ಎಂದು ತಮ್ಮ ಲೋಟವನ್ನು ಮುಂದೆ ಚಾಚಿದರು.

ಮತ್ತೆ ಅಂಗಳಕ್ಕೆ ಬಂದಾಗ ಆಚಾರ್ರು ಬಿಟ್ಟು ಬದಲಿಸುತ್ತಿದ್ದರು. ಹಲಗೆಗೆ ಮಾತ್ರ ತೋಡು. ಗಾಜಿಗೆ ಬೇರೆ ಬಿಟ್ಟು. ತುದಿಯಲ್ಲಿ ಉರುಳುವ ಪುಟ್ಟ ಬೇರಿಂಗು ಮರದ ಅಂಚಿಗೆ ಒರಗಿಕೊಂಡು ಓಡುತ್ತ, ಹಿಂಬದಿಯಲ್ಲಿ ಸಣ್ಣ ಮೆಟ್ಟಿಲು ಕೊರೆಯುತ್ತದೆ. ಗಾಜು ಆ ಮೆಟ್ಟಿಲ ಮೇಲೆ ಕೂರುತ್ತದೆ, ಹಿಂದಿನಿಂದ ಬೀಡಿಂಗು ಎಂಬ ತೆಳ್ಳನೆಯ ಮರದ ಪಟ್ಟಿ ಅದನ್ನು ಹಿಡಿದುಕೊಳ್ಳುತ್ತದೆ. ಒಡೆದರೆ ನಾಲ್ಕು ಮೊಳೆ ಕಿತ್ತರಾಯಿತು. ಮೊದಲು ಬೇಡದ ತುಂಡಿನ ಮೇಲೆ ಕೊರೆದು, ಗಾಜಿನ ಚೂರಿಟ್ಟು ಆಳ ನೋಡಿದರು. ಆಮೇಲೆ ಚೌಕಟ್ಟು ಜೋಡಿಸಿ, ಮರದ ಗೂಟ ಬಡಿದು, ಸುತ್ತಲೂ ಮೆಟ್ಟಿಲು ತೆಗೆದರು. ಮೂಲೆಗಳಲ್ಲಿ ಮಷೀನು ದುಂಡಗೆ ಬಿಟ್ಟದ್ದನ್ನು ಅವರಪ್ಪನ ಕಾಲದ ಉಳಿಯಿಂದ ಚೌಕ ಮಾಡಿದರು. ತಪ್ಪು ಮಾಡಿದವರಿಗೆ ಹೊರಬರಲು ದಾರಿ ಇಟ್ಟು ಕಟ್ಟಿದ ಬಾಗಿಲು ಎಷ್ಟು ಸಮಾಧಾನ ಕೊಡುತ್ತದೆ ಎಂದು ನನಗೆ ಅನಿಸಿತು. ಅತ್ತೆ ಅಂಥ ಬಾಗಿಲನ್ನು ಎಂದೋ ಇಟ್ಟಿದ್ದರು. ನಾನೇ ತಗಡು ಬಡಿದುಕೊಂಡು ಕೂತಿದ್ದೆ.

ಪಾಲಿಷು ಇನ್ನೊಂದು ದಿನ ಎಂದುಕೊಂಡು, ಸಂಜೆ ನಾಲ್ಕೂವರೆಗೆಲ್ಲ ಬಾಗಿಲು ನಿಲ್ಲಿಸಿದರು. ಇಳಿಬಿಸಿಲು ಗಾಜಿನಿಂದ ಹಾದು ಅತ್ತೆಯ ಸೀರೆಯ ನೆರಿಗೆಯ ಮೇಲೆ ಚೌಕವಾಗಿ ಬಿತ್ತು. ನಾನು ಹೊಟ್ಟು ಗುಡಿಸಲು ಪೊರಕೆ ಹಿಡಿದು ಹೊರಗೆ ಬಂದೆ. ಸಂತೆಯಿಂದ ಬಂದ ಜಯಮ್ಮ ಚೀಲ ಹೊತ್ತು ತಮ್ಮ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು.

"ನಿಮ್ಮತ್ತೆ ಒಳಗಿಂದ್ಲೇ ಕೇಳ್ತಾವ್ರೆ, ಚೀಲದಾಗೇನು ದಂಟಿನ ಸೊಪ್ಪಾ ಅಂತ" ಎಂದರು, ಬೀಗ ತೆಗೆಯುತ್ತಾ. "ಇನ್ಮೇಲೆ ಈ ಬೀದೀಲಿ ತಲೆ ಬಾಚ್ಕೊಂಡೇ ಓಡಾಡ್ಬೇಕು ಕಣಮ್ಮ."