ಮೂರು ಬಣ್ಣದ ಕಂಪ್ಯೂಟರ್

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಎಂಬತ್ತೇಳೋ ಎಂಬತ್ತೆಂಟೋ ಇಸವಿಯಲ್ಲಿ, ಬಳ್ಳಾರಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಸುಧಾರಿಸಲು ಹೊರಟ ಇಬ್ಬರಲ್ಲಿ ನಾನೂ ಒಬ್ಬಳು. ಇನ್ನೊಬ್ಬಳು ನನ್ನ ಸೊಸೆ. ಆಕೆ ಓದಿದ್ದಳು, ನನಗೆ ಬರೀ ಧೈರ್ಯವಿತ್ತು.

ಸೊಸೆ ಕುರುಗೋಡಿನವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮದುವೆಗೆ ಆಕೆಯ ಸೋದರಮಾವ ಹೊರದೇಶದಿಂದ ತಂದುಕೊಟ್ಟ ಕಂಪ್ಯೂಟರ್ ಅಂದರೆ ಗುಂಡಿಗಳಿದ್ದ ಒಂದು ಹಲಗೆ, ಅಷ್ಟೇ. ಅದಕ್ಕೆ ಸ್ವಂತ ಮುಖವಿರಲಿಲ್ಲ, ಟಿವಿಯ ಮುಖ ಬೇಕಿತ್ತು. ಟಿವಿ ನನ್ನದು. ಕಪ್ಪು-ಬಿಳುಪಿನದಾದರೂ ಓಣಿಗೆಲ್ಲ ದೊಡ್ಡದು. ಭಾನುವಾರ ಹೆಂಗಸರೆಲ್ಲ ಬಂದು ಕೂತಾಗ, ಆ ಸಿನಿಮಾ ನಾನೇ ತೆಗೆದೆನೇನೋ ಎಂಬಂತೆ ಮುಂದೆ ಕೂರುತ್ತಿದ್ದೆ.

ಸಿರುಗುಪ್ಪದಲ್ಲಿ ಟೈಪಿಂಗ್ ಶಾಲೆ ನಡೆಸುವವರೊಬ್ಬರು ಕಂಪ್ಯೂಟರ್ ಕಲಿಸಲು ಸೊಸೆಯನ್ನು ತೆಗೆದುಕೊಳ್ಳುವ ಮನಸ್ಸು ಮಾಡಿದ್ದರು. ಮೊದಲು ಮನೆಗೆ ಬಂದು ನೋಡುತ್ತೇನೆ, ಹಿಂದೆ ಕೂತವರಿಗೂ ಅಕ್ಷರ ಕಾಣದಿದ್ದರೆ ಕೆಲಸವಿಲ್ಲ ಎಂದಿದ್ದರು. ನಮ್ಮ ಟಿವಿಯಲ್ಲೋ ಅಕ್ಷರಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಹರಿದಾಡುತ್ತಿದ್ದವು.

"ಅತ್ತಿ, ಟಿವಿ ಹಿಂಬದಿ ಬಿಚ್ಚತೀನ್ರಿ," ಎಂದಳು ಸೊಸೆ.

"ಯಾಕ? ಆಂಟೆನಾ ತೂತಿಗೆ ಹಾಕಿದ್ರ ಸಾಲಂಗಿಲ್ಲೇನು?"

"ಹಂಗ ಹಾಕಿದ್ರ ಕಂಪ್ಯೂಟರು ಚಿತ್ರಾನ ಗಂಟು ಕಟ್ಟಿ ಕಳಸ್ತೈತ್ರಿ, ಟಿವಿ ಮತ್ತ ಗಂಟು ಬಿಚ್ಚತೈತಿ. ಕಟ್ಟೂದು ಬಿಚ್ಚೂದ್ರಾಗ ಅಕ್ಷರ ಕೆಡತಾವ. ಒಳಗ ನೇರ ತಂತಿ ಎಳದ್ರ ನಿಚ್ಚಳ ಆಗ್ತಾವ."

"ನನ್ನ ಟಿವಿ ಕೆಟ್ರ?"

"ಕೆಡಂಗಿಲ್ರಿ. ಒಂದು ಸ್ವಿಚ್ ಕೂಡ್ರಸ್ತೀನಿ. ಈ ಕಡಿ ಒತ್ತಿದ್ರ ನಿಮ್ಮ ಸಿನಿಮಾ, ಆ ಕಡಿ ಒತ್ತಿದ್ರ ನನ್ನ ಕಂಪ್ಯೂಟರ್. ಅವರ ಸಾಲ್ಯಾಗ ಬ್ಯಾರೆ ಟಿವಿ ಐತಿ, ಆಮ್ಯಾಲ ಅದಕ್ಕೂ ಹಿಂಗ ಮಾಡಿಕೊಡ್ತೀನಿ. ನಿಮ್ದು ಎಲ್ಲಿಗೂ ಹೋಗಂಗಿಲ್ಲ."

ನಮ್ಮವರು ಪೇಪರಿನ ಹಿಂದಿನಿಂದಲೇ, "ಬಿಚ್ಚಲಿ ಬಿಡು. ನಿನ್ನ ಸಿನಿಮಾದವ್ರೇನು ಒಳಗ ಕುಂತಾರೇನು, ಕೆಳಗ ಬೀಳಾಕ?" ಎಂದರು.

ಟಿವಿಯ ಒಳಮೈಯಲ್ಲೇ ಕರೆಂಟ್ ಇರುತ್ತದಂತೆ. ಅದು ತಂತಿ ಹಿಡಿದು ಕಂಪ್ಯೂಟರಿಗೂ ಮುಟ್ಟಿದವರಿಗೂ ಹರಿಯಬಾರದೆಂದು ಸೊಸೆ ಕೌಲ್ ಬಜಾರಿನಿಂದ ಒಂದು ಟ್ರಾನ್ಸ್‌ಫಾರ್ಮರ್ ತಂದಳು. ಒರಳುಕಲ್ಲಿನ ಭಾರ. ಅದನ್ನು ಆಟೊದಿಂದ ಇಳಿಸಿದವಳು ನಾನೇ. ನನ್ನ ವಿದ್ಯೆಗೆ ಅಷ್ಟು ಕೆಲಸ ಸಾಕಾಗಿತ್ತು, ಅಲ್ಲಿಗೇ ನಿಲ್ಲಿಸಬೇಕಿತ್ತು.

ಬೆಸುಗೆಯ ಹೊಗೆಯಲ್ಲಿ ಕೆಮ್ಮುತ್ತ ಕೂತು ಆಕೆ ಕೆಲಸ ಮುಗಿಸಿ ಸ್ವಿಚ್ ಒತ್ತಿದಾಗ, ಅಕ್ಷರಗಳು ಅಲುಗದೆ ನಿಂತವು. ಎದುರುಮನೆಯವಳು ನೋಡಿ, "ಅತ್ತೀಗೆ ರೇಡಿಯೋ ಕಿವಿ ಹಿಂಡಾಕ ಬರಂಗಿಲ್ಲ, ಸೊಸಿ ಟಿವಿ ಹೊಟ್ಟೀನ ಸೀಳಿ ಹೊಲದ್ಲು ನೋಡ್ರಿ!" ಎಂದು ನಕ್ಕಳು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ನಾನೂ ಕೌಲ್ ಬಜಾರಿಗೆ ಹೋದೆ. ಟಿವಿಯ ಗಾಜಿನ ಮುಂದೆ ತೂಗುಹಾಕುವ ಪ್ಲಾಸ್ಟಿಕ್ ಹಾಳೆ ಆಗ ಸಿಗುತ್ತಿತ್ತು: ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಕಪ್ಪು-ಬಿಳುಪು ಟಿವಿ ಬಣ್ಣದ್ದಾಗುತ್ತದೆಂದು ಅಂಗಡಿಯವನು ಹೇಳಿದ, ನಾನು ನಂಬಿದೆ. ತಂದು ಹಾಕಿದರೆ ವಾರ್ತೆ ಓದುವವಳ ಕೂದಲು ನೀಲಿ, ಮುಖ ಕಿತ್ತಳೆ, ಸೆರಗು ಹಸಿರು. ಚಂದವೇ ಕಂಡಿತು ನನಗೆ. ಸೊಸೆ ಮಾತ್ರ, "ಅಕ್ಷರ ಮಂಕಾಗ್ತಾವ್ರಿ," ಎಂದು ತೆಗೆದು ಬಾಗಿಲ ಹಿಂದಿಟ್ಟಳು.

ಸಿರುಗುಪ್ಪದವರು ಬಂದ ದಿನ ಆಕೆ ಚಹಾ ತರಲು ಒಳಗೆ ಹೋದದ್ದೇ ತಡ, ಹಾಳೆಯನ್ನು ಮತ್ತೆ ತೂಗುಹಾಕಿದೆ. ಮನೆಗೆ ಬಂದವರಿಗೆ ಕಪ್ಪು-ಬಿಳುಪು ತೋರಿಸುವುದೇ?

"ಅಬಾ! ಕಲರ್ ಐತಲ್ಲ!" ಅವರು ಕುರ್ಚಿಯಿಂದ ಎದ್ದೇಬಿಟ್ಟರು.

ಸೊಸೆ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ನನ್ನನ್ನೊಮ್ಮೆ ನೋಡಿದಳು. ತಟ್ಟೆ ಕೆಳಗಿಟ್ಟು ಹಾಳೆ ತೆಗೆದಳು. "ಅದು ಪ್ಲಾಸ್ಟಿಕ್ರಿ ಸಾರ್. ಕಂಪ್ಯೂಟರಿನ್ದು ಇಷ್ಟೇ. ಹಿಂದ ಹೋಗಿ ಓದಿ ನೋಡ್ರಿ."

ಅವರು ಹೊಸ್ತಿಲಾಚೆ ಹೋಗಿ ನಿಂತು ಸಾಲುಸಾಲಾಗಿ ಓದಿದರು. "ಎಲ್ಲಾ ಕಾಣಸ್ತಾವ. ಕೆಲಸ ನಿಮ್ದ ಆತು," ಎಂದರು. ಸೊಸೆ ಚಹಾ ಎತ್ತಿಕೊಟ್ಟದ್ದು ಆಗ. ಅವರ ಕಣ್ಣು ಮಾತ್ರ ಹಾಳೆಯ ಮೇಲೇ ಇತ್ತು. "ಆದ್ರೂ ಹುಡುಗ್ರು ಸೇರಬೇಕಂದ್ರ ಬಣ್ಣ ಬೇಕ ನೋಡ್ರಿ. ಪಾಠಕ್ಕ ತಗದ್ರಾತು. ಇದು ಯಾರ ತಲಿ?"

"ನಂದ್ರಿ," ಎಂದೆ.

"ಭಾರಿ ತಲಿ ಅಮ್ಮಾ ನಿಮ್ದು! ನಮ್ಮ ಟಿವಿ ಸಣ್ಣದು, ಈ ಹಾಳಿ ಅದಕ್ಕ ಕೂಡಂಗಿಲ್ಲ. ಈ ಟಿವಿನ ಕೊಡ್ರಿ, ನಮ್ದು ನೀವು ಇಟ್ಕೊಳ್ರಿ."

"ಟಿವಿ ಅತ್ತೀದು ಸಾರ್. ನಾ ಕೊಡಾಕ ಬರಂಗಿಲ್ಲ," ಎಂದಳು ಸೊಸೆ. ಕೆಲಸ ಸಿಕ್ಕಿತ್ತು, ನನ್ನ ಟಿವಿಯೂ ಉಳಿದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹುಟ್ಟಿದಾಗಿನಿಂದ ನನ್ನ ತಲೆಯನ್ನು ಯಾರೂ ಭಾರಿ ಎಂದಿರಲಿಲ್ಲ.

"ಒಯ್ರಿ, ಅದಕ್ಕೇನಂತ," ಎಂದುಬಿಟ್ಟೆ.

ನಮ್ಮವರು ಪೇಪರ್ ಇಳಿಸಿ ನನ್ನ ಮುಖ ನೋಡಿದರು. ಮದುವೆಯಲ್ಲೂ ಅಷ್ಟು ಹೊತ್ತು ನೋಡಿರಲಿಲ್ಲ.

ಸೊಸೆ ದಿನಾ ಸಿರುಗುಪ್ಪದ ಬಸ್ಸು ಹತ್ತತೊಡಗಿದಳು. ಅಲ್ಲಿಂದ ಬಂದ ಟಿವಿ ಉಪ್ಪಿನಕಾಯಿ ಭರಣಿಯಷ್ಟಿತ್ತು. ಮೊದಲ ಭಾನುವಾರ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡಿದರು; ಎರಡನೆಯ ಭಾನುವಾರ ಎದುರುಮನೆಗೆ ಹೋದರು.

"ಇದರ ಹಿಂಬದಿ ಬಿಚ್ಚಿ ಏನರ ಮಾಡವ್ವ," ಎಂದೆ ಸೊಸೆಗೆ.

"ಮಾಡ್ತೀನ್ರಿ ಅತ್ತಿ," ಎಂದು ಸ್ಕ್ರೂಡ್ರೈವರ್ ತಂದಳು. "ಮುಂಬದಿಗೆ ಮಾತ್ರ ನೀವು ಕೈ ಹಚ್ಚಬ್ಯಾಡ್ರಿ."