ಸತ್ತರೆ ಸಂತೋಷಪಡುವ ಮೇಷ್ಟ್ರು

ಮೂರನೆಯ ಸಲವೂ ಕೋಶಗಳು ಸತ್ತಾಗ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು, ಲ್ಯಾಬಿನವರ ಬಾಯಲ್ಲಿ ‘ಕೋಶದಕ್ಕ’, ಹಣೆ ಚಚ್ಚಿಕೊಂಡಳು.

ಕೆಲಸ ಇಷ್ಟೇ: ಒಂದು ಜೀನನ್ನು ಡಿಎನ್‌ಎ ಉಂಗುರದಲ್ಲಿ ಕೂರಿಸಿ, ಉಂಗುರವನ್ನು ಬ್ಯಾಕ್ಟೀರಿಯಾದೊಳಗೆ ಬೆಳೆಸಿ, ಆಮೇಲೆ ಬ್ಯಾಕ್ಟೀರಿಯಾ ಒಡೆದು ಅದನ್ನು ಹೊರತೆಗೆದು ಕ್ಯಾನ್ಸರ್ ಕೋಶಗಳೊಳಗೆ ದಾಟಿಸುವುದು. ದಾಟಿಸಿದ ಮರುದಿನ ಕೋಶಗಳು ಸತ್ತು, ತಟ್ಟೆಯ ತಳ ಬಿಟ್ಟು ತೇಲುತ್ತಿದ್ದವು. ನಮ್ಮ ಜೀನು ಕ್ಯಾನ್ಸರನ್ನು ಕೊಲ್ಲುತ್ತದೆ ಎಂದು ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಸಾರಿ, ಶುಕ್ರವಾರ ಭಾಷಣಕ್ಕೂ ಒಪ್ಪಿಕೊಂಡಿದ್ದರು. ಅದು ನಿಜವಾದರೆ ಅವಳ ಪಿಎಚ್‌ಡಿ ಈ ವರ್ಷವೇ ಮುಗಿಯುತ್ತದೆ. ಸುಳ್ಳಾದರೆ ಮತ್ತೆ ಮೊದಲಿನಿಂದ.

ಗ್ರಹಚಾರಕ್ಕೆ, ಹೋಲಿಸಿ ನೋಡಲೆಂದು ಜೀನಿಲ್ಲದ ಖಾಲಿ ಉಂಗುರವನ್ನೂ ಪಕ್ಕದ ತಟ್ಟೆಯ ಕೋಶಗಳಿಗೆ ಹಾಕಿದ್ದಳು. ಅಲ್ಲೂ ಹೆಣಗಳೇ.

“ಸರ್, ಖಾಲಿ ಉಂಗುರಕ್ಕೂ ಸಾಯ್ತಿವೆ.”

“ನಿನ್ನ ಕೈಗುಣ ಇರ್ಬೇಕಮ್ಮ.”

“ಕೈಗುಣ ಅಲ್ಲ ಸರ್, ಬ್ಯಾಕ್ಟೀರಿಯಾ ಮೈಮೇಲಿನ ವಿಷ. ಒಡೆದಾಗ ಡಿಎನ್‌ಎ ಜೊತೆ ಅಂಟ್ಕೊಂಡು ಬಂದಿದೆ. ವಿಷ ತೊಳೆಯೋ ಹಂತ ಬಿಡು, ಬೇಗ ಆಗ್ಲಿ ಅಂದಿದ್ದು ನೀವೇ.”

“ಡಿಎನ್‌ಎ ಅಳೆಯೋ ಮೆಷಿನ್ನು ಶುದ್ಧ ಅಂತ ತೋರಿಸ್ತಲ್ಲ?”

“ಮೆಷಿನ್ನಿಗೆ ಅದು ಕಾಣ್ಸಲ್ಲ.”

“ಹಾಗಾದ್ರೆ ಕುದಿಸು!”

“ಕುದಿಸಿದ್ರೂ ಅದು ಜಪ್ಪಯ್ಯ ಅನ್ನಲ್ಲ ಸರ್.”

ಮೇಷ್ಟ್ರು ಭಾಷಣದ ಚಿತ್ರಗಳಿಗೆ ಬಣ್ಣ ಹಚ್ಚಲು ಹೋದರು.

ಮನೆಯಲ್ಲಿ ಗಂಡ, “ಮುಗೀತಾ ನಿನ್ನ ಓದು?” ಎಂದ.

“ಅವು ಸತ್ರೆ ಮುಗಿಯುತ್ತೆ, ಬದುಕಿದ್ರೆ ಇಲ್ಲ.”

“ಸಾಯ್ಲಿ ಬಿಡೆ, ನಮ್ಮ ನೆಂಟರೇನಲ್ಲ.”

ಅವಳು ಬಾಯಿಗೆ ಬೀಗ ಹಾಕಿಕೊಂಡರೆ ಹೊರಗಿನ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಎರಡನೆಯ ತಟ್ಟೆ ಕಣ್ಣಿಗೆ ಕಟ್ಟಿಕೊಂಡಿತ್ತು. ಮೇಷ್ಟ್ರನ್ನೂ ಬ್ಯಾಕ್ಟೀರಿಯಾವನ್ನೂ ಒಂದೇ ಉಸಿರಿನಲ್ಲಿ ಬೈಯುತ್ತ ಎರಡೂ ಉಂಗುರಗಳನ್ನು ಹೊಸದಾಗಿ ತೆಗೆದು, ಈ ಸಲ ವಿಷ ತೊಳೆದೇ ಹೊಸ ಕೋಶಗಳಿಗೆ ದಾಟಿಸಿದಳು. ಗುರುವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಎರಡೂ ತಟ್ಟೆಗಳಲ್ಲಿ ಕೋಶಗಳು ಬಾಡಿಗೆ ಕೊಡದ ಒಕ್ಕಲಿನ ಹಾಗೆ ಭದ್ರವಾಗಿ ಕೂತು ಸಂಸಾರ ಬೆಳೆಸುತ್ತಿದ್ದವು.

“ಸರ್, ಬದುಕಿವೆ.”

ಮೇಷ್ಟ್ರು ಸಾವಿನ ಸುದ್ದಿ ಕೇಳಿದವರಂತೆ ಕುರ್ಚಿಯಲ್ಲಿ ಕುಸಿದರು. “ಎಲ್ಲವೂನಾ?”

“ಎಲ್ಲವೂ. ಗುಂಡುಕಲ್ಲಿನ ಹಾಗಿವೆ.”

ಅವರು ಫೋನೆತ್ತಿ, ಗಂಟಲು ಕೆಟ್ಟಿದೆ, ನಾಳೆ ಮಾತಾಡಲಾಗದು ಎಂದು ಗಂಟೆ ಬಾರಿಸಿದಂಥ ದನಿಯಲ್ಲಿ ತಿಳಿಸಿದರು. ಅವಳ ಕಡೆ ತಿರುಗಿ, “ಇದನ್ನ ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?” ಎಂದರು.

ಕೋಶದಕ್ಕ ಹೊರಗೆ ಬಂದು ಗಂಡನಿಗೆ ಫೋನು ಮಾಡಿದಳು: “ಈ ವರ್ಷ ಮುಗಿಯಲ್ಲ. ಭಾನುವಾರವೂ ಮನೇಲಿರಲ್ಲ, ಇವಕ್ಕೆ ಊಟ ಹಾಕ್ಬೇಕು.”